ಬಿಎಸ್‌ಎ ಚಾಸಿಗೆ ಮ್ಯಾಚ್‌ಲೆಸ್ ಫೋರ್ಕು

ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಜಿಲಾನಸಾಬರ ತಗಡಿನ ಗ್ಯಾರೇಜು ಇತ್ತು. ಎಪ್ಪತ್ತರ ದಶಕದಲ್ಲಿ ಗಂಗಾವತಿ, ಯಲಬುರ್ಗಾ ಕಡೆ ಯಾರಲ್ಲಾದರೂ ವಿಲಾಯತಿ ಮೋಟಾರ್‌ಸೈಕಲ್ ಇದ್ದರೆ ಅದು ಒಂದಿಲ್ಲೊಂದು ದಿನ ಅವರ ಬಾಗಿಲಿಗೆ ಬಂದೇ ಬರುತ್ತಿತ್ತು. ಹರೆಯದಲ್ಲಿ ಸಿಕಂದರಾಬಾದಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ದುಡಿದಿದ್ದ ಸಾಬರು ಗಾಡಿಯ ಬಣ್ಣ ನೋಡುತ್ತಿರಲಿಲ್ಲ, ಕುತ್ತಿಗೆ ನೋಡುತ್ತಿದ್ದರು. ಹ್ಯಾಂಡಲ್ ಕೂರುವ ಕೊಳವೆ ಎಷ್ಟು ವಾಲಿದೆ ಎಂಬುದರಲ್ಲೇ ಇದು ನಾರ್ಟನ್ನೋ ಏರಿಯಲ್ಲೋ ಹೇಳಿಬಿಡುವರು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಕುಷ್ಟಗಿಯ ದನದ ದವಾಖಾನೆಯ ಕಂಪೌಂಡರ್ ಕೊಟ್ರಬಸಪ್ಪ ತನ್ನ ಬಿಎಸ್‌ಎ ಮೋಟಾರ್‌ಸೈಕಲ್ ತಂದ. ಜೊತೆಗೆ ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಹೆಂಡತಿ ಕಳಕಮ್ಮ. ಆಕೆ ಬಸ್ಸಿನಲ್ಲಿ ಬಂದಿದ್ದಳು.

"ತಾಸಿಗೆ ಮೂವತ್ತು ಮೈಲು ದಾಟಿದ್ರ ಹ್ಯಾಂಡಲ್ ದೆವ್ವ ಹೊಕ್ಕಂಗ ಅಳ್ಳಾಡತೈತ್ರಿ," ಎಂದ ಕೊಟ್ರಬಸಪ್ಪ. "ಟೈರು, ಬೇರಿಂಗು ಎಲ್ಲಾ ಬದಲ ಮಾಡಿಸೀನಿ."

"ಹೊಡಿಯಾಕ ಬರಂಗಿಲ್ಲ ಅನ್ರಿ," ಎಂದಳು ಕಳಕಮ್ಮ, ಗಂಡನ ಕಡೆ ನೋಡದೆ. "ತಿಂಗಳಾತು ನನ್ನ ಕೆಡವಿ."

ಸಾಬರು ಕುತ್ತಿಗೆಯ ಕೊಳವೆಯ ಗುಂಟ ದಾರ ಹಿಡಿದು ನೆಲಕ್ಕೆ ಮುಟ್ಟಿಸಿ, ಸುಣ್ಣದ ಗುರುತು ಹಾಕಿದರು. ಮುಂದಿನ ಗಾಲಿಯ ಅಚ್ಚಿನಿಂದ ತೂಗುಗುಂಡು ಬಿಟ್ಟು ಇನ್ನೊಂದು ಗುರುತು. ಎರಡರ ನಡುವೆ ಬೆರಳಿಟ್ಟು ನೋಡಿದರು.

"ಎರಡ ಬೆರಳೂ ಇಲ್ಲ. ನಾಕರ ಬೇಕು. ಆಕಳ ಹಿಂದ ಕರು ಬಂದಂಗ ಗಾಲಿ ಕುತ್ತಿಗಿ ಗೆರಿ ಹಿಂದ ಬರಬೇಕು. ಆವಾಗ ತಾನಾ ನೆಟ್ಟಗಾಗತೈತಿ. ಇದರ ಚಾಸಿ ಬಿಎಸ್‌ಎ, ಮುಂದಿನ ಗಾಲಿ ಹಿಡದ ಫೋರ್ಕು ಮ್ಯಾಚ್‌ಲೆಸ್ ಕಂಪನೀದು. ಯಾರೋ ಲೇತ್ ಹಿಡಿಸಿ ಕೂಡಿಸ್ಯಾರ. ಎರಡೂ ಛಲೋ ಮನಿತನದವು, ಆದ್ರ ಈ ಸಂಬಂಧ ಕೂಡಂಗಿಲ್ಲ."

"ಹಂಗಾರ ಇವರದು ತಪ್ಪಿಲ್ಲೇನ್ರಿ?"

"ಇಲ್ಲವ್ವ. ಇಂಥಾ ಗಾಡಿ ಇಷ್ಟದಿನ ಹಿಡದಾನಂದ್ರ ಗಟ್ಟಿಮನುಷ್ಯಾನ."

ಕಳಕಮ್ಮ ಮೊದಲ ಸಲ ಗಂಡನ ಮುಖ ನೋಡಿದಳು.

ಬೇಕಾದದ್ದು ಎದೆಯ ಮುಂದೆ ಒಂದೇ ದಪ್ಪ ಸ್ಪ್ರಿಂಗ್ ಇರುವ ಹಳೆಯ ಬಿಎಸ್‌ಎ ಫೋರ್ಕು. ಅಂಥದ್ದು ನವಲಿಯಲ್ಲಿತ್ತು, ತೀರಿಹೋದ ಗಾಳೆಪ್ಪ ಎಂಬವನ ಗಾಡಿಯಲ್ಲಿ. ಅವನ ಹೆಂಡತಿ ಹಂಪವ್ವ ಅದನ್ನು ಹುಲ್ಲಿನ ಗುಡಿಸಲಲ್ಲಿ ಮುಚ್ಚಿಟ್ಟು, ಕೇಳಲು ಬಂದ ಗುಜರಿಯವರನ್ನೆಲ್ಲ ಬೈದು ಅಟ್ಟಿದ್ದಳು. ಸಾಬರು ಬಸ್ಸು ಹತ್ತಿ ಹೋದರು. ಹಂಪವ್ವ ಮೊದಲು ಆಗುವುದಿಲ್ಲ ಎಂದಳು. ಸಾಬರು ಒತ್ತಾಯ ಮಾಡಲಿಲ್ಲ. ಕೊಟ್ಟ ಮಜ್ಜಿಗೆ ಕುಡಿಯುತ್ತ ಕಳಕಮ್ಮ ಬಿದ್ದ ಕತೆ ಹೇಳಿದರು. ಹಂಪವ್ವ ಖಾಲಿ ಲೋಟ ತೆಗೆದುಕೊಂಡು ಎದ್ದಳು.

"ನಾನೂ ಹಿಂದ ಕುಂತಾಕಿ. ಹನ್ನೊಂದು ವರ್ಷ ಒಮ್ಮಿನೂ ಬೀಳಲಿಲ್ಲ," ಎಂದಳು. "ಬಿಚ್ಕೊಂಡು ಹೋಗ್ರಿ ಸಾಬರ. ನಾ ಇಲ್ಲಿ ನಿಂದ್ರಂಗಿಲ್ಲ." ಅವರು ಬಿಚ್ಚಿ ಮುಗಿಸುವವರೆಗೂ ಆಕೆ ಒಳಗೇ ಇದ್ದಳು.

ಫೋರ್ಕು ಕೂಡಿಸಿದ ದಿನ ದಾರ ಹಿಡಿದರೆ ಸರಿಯಾಗಿ ನಾಲ್ಕು ಬೆರಳು. ಗಿಣಿಗೇರಾ ರಸ್ತೆಯಲ್ಲಿ ಸಾಬರೇ ಮೊದಲು ಹೊಡೆದರು. ನಲವತ್ತು ಮೈಲಿ ವೇಗದಲ್ಲಿ ಹ್ಯಾಂಡಲ್ ಹಿಡಿತ ಸಡಿಲಿಸಿದರೂ ಗಾಡಿ ಗೆರೆ ಕೊರೆದಂತೆ ಓಡಿತು. ವಾಪಸು ಬಂದಾಗ ಕಳಕಮ್ಮ ಯಾರ ಮಾತಿಗೂ ಕಾಯದೆ ಸೆರಗು ಸಿಕ್ಕಿಸಿಕೊಂಡು ಗಂಡನ ಹಿಂದೆ ಕುಳಿತಳು.

ಮರುವಾರ ಗಂಡಹೆಂಡತಿ ನವಲಿಗೆ ಹೋದರಂತೆ. ಕಳಕಮ್ಮ ಇಳಿದು, "ನೀವು ಕೂಡ್ರಿ ಯವ್ವಾ," ಎಂದಳಂತೆ. ಹಂಪವ್ವ ಕೊಟ್ರಬಸಪ್ಪನ ಹಿಂದೆ ಕೂತು ಕಾಲುವೆಯವರೆಗೆ ಹೋಗಿಬಂದು, ಇಳಿಯುವಾಗ ನಗುತ್ತಲೇ ಕಣ್ಣೊರೆಸಿಕೊಂಡಳಂತೆ. ಕೇಳಿದ ಸಾಬರು ಆ ದಿನ ಬೇರೆ ಕೆಲಸ ಹಿಡಿಯಲಿಲ್ಲ. ಮನೆಗೆ ಬೇಗ ಹೋಗಿ ಹೆಂಡತಿ ಮೈಮುನಬಿಯ ಮುಂದೆ ಎಲ್ಲವನ್ನೂ ಹೇಳಿದರು.

ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಹಗುರ ಗಾಡಿಗಳು ಬಂದು ವಿಲಾಯತಿಯವು ಮೂಲೆ ಸೇರಿದವು. ಸಾಬರು ಹೊಸವನ್ನೂ ಕಲಿತರು. "ಭಾಳ ಛಲೋ ಅದಾವು," ಎನ್ನುತ್ತಿದ್ದರು. "ಆದ್ರ ಇವುಗಳ ಕುತ್ತಿಗಿ ಎಲ್ಲಾ ಒಂದಾ ನಮೂನಿ. ಮಾತಾಡಸಾಕ ಏನೂ ಉಳಿದಿಲ್ಲ."