ಗೋಡೆ ಮೇಲಿನ ಮಿಸ್ಸು

ನಮ್ಮಕ್ಕ ಪರದೇಶದಲ್ಲಿ ಆರು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದಳು. ಅಲ್ಲಿ ಅವಳು ಕಲಿಸಿದ ಒಂದು ಮಗುವೂ ಅವಳ ಮುಖ ನೋಡಿರಲಿಲ್ಲ. ಹೀಗೆಂದರೆ ಕೇಳಿದವರು ನಾನು ಬುರುಡೆ ಬಿಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಬುರುಡೆ ಬಿಟ್ಟು ನನಗೇನಾಗಬೇಕು? ಮೂರು ವರ್ಷ ಅವಳ ಪಕ್ಕದ ಮಂಚದಲ್ಲಿ ಮಲಗಿದವಳು ನಾನು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ದೊಡ್ಡಪ್ಪನ ಮಗಳು. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಊರಲ್ಲಿದ್ದಾಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಅವಳು ಒಂಬತ್ತನೇ ಕ್ಲಾಸಿಗೆ ಪದ್ಯ ಹೇಳಿಕೊಟ್ಟರೆ ಕಾಂಪೌಂಡಿನಾಚೆ ಪಂಕ್ಚರ್ ಹಾಕುವವನಿಗೂ ಬಾಯಿಪಾಠ ಆಗಿಬಿಡುತ್ತದೆ ಎಂದು ದೊಡ್ಡಪ್ಪ ನಗುತ್ತಿದ್ದರು. ಅಂಥ ಗಂಟಲು. ಆ ಗಂಟಲನ್ನು ಹೊತ್ತುಕೊಂಡು ಪರದೇಶಕ್ಕೆ ಬಂದಳು, ಮೂರು ವರ್ಷವಾದ ಮೇಲೆ ನನ್ನನ್ನೂ ಕರೆಸಿಕೊಂಡಳು. ನನಗೆ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ. ಅವಳಿಗೆ ಫೋನ್ ಕ್ಲಾಸು.

ನಮ್ಮ ಸಂಸ್ಥೆ ಔಷಧಿ ಅಂಗಡಿಯ ಮೇಲಿನ ಎರಡು ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಗಾಜಿನ ಬಾಗಿಲು ತಳ್ಳಿದರೆ ಎದುರಿಗೇ ಆಳೆತ್ತರದ ಫೋಟೋ. ಹೊಂಬಣ್ಣದ ಕೂದಲು, ನೀಲಿ ಕಣ್ಣು, ಎದೆಗವಚಿಕೊಂಡ ಪುಸ್ತಕ. ಕೆಳಗೆ ಅವಳದೊಂದು ಹೆಸರು, ಅವಳದೊಂದು ದೇಶ, ‘ನಿಮ್ಮ ಫೋನ್ ಮಿಸ್’ ಎಂಬ ಸಾಲು. ಆ ಮಹಾತಾಯಿ ಯಾರು ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಪ್ರೆಸ್ಸಿನವನು ಎಲ್ಲಿಂದಲೋ ತೆಗೆದುಕೊಟ್ಟ ಚಿತ್ರ. ಅಪ್ಪ ಅಮ್ಮಂದಿರಿಗೆ ಇಂಗ್ಲಿಷ್ ಎಂದರೆ ಅಂಥ ಕೂದಲೇ ಬೇಕು. ಅಕ್ಕನ ಎಣ್ಣೆ ಹಾಕಿದ ಜಡೆ ನೋಡಿದರೆ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ ಎಂದು ಮ್ಯಾನೇಜರಮ್ಮನ ಲೆಕ್ಕ.

ಹಾಗಾಗಿ ಮುಖ ಗೋಡೆಯವಳದು, ದನಿ ನಮ್ಮಕ್ಕನದು. ದಿನಾ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಮಗುವಿಗೆ ಹತ್ತು ನಿಮಿಷದಂತೆ ಹನ್ನೆರಡು ಮಕ್ಕಳು. ನಮ್ಮ ರೂಮಿನಲ್ಲೇ ಮಂಚದ ತುದಿಯಲ್ಲಿ ಕೂತು ಫೋನ್ ಮಾಡುತ್ತಿದ್ದಳು. ಪ್ರತಿ ಕರೆಯೂ ಆಫೀಸಿನಲ್ಲಿ ರೆಕಾರ್ಡ್ ಆಗುತ್ತಿತ್ತು. ಶುರುವಿನ ಸಾಲು ಅವರೇ ಬರೆದುಕೊಟ್ಟದ್ದು: ಗುಡ್ ಮಾರ್ನಿಂಗ್, ನಾನು ಇಂಥವಳು, ಇಂಥ ದೇಶದವಳು, ನಿನ್ನ ಫೋನ್ ಮಿಸ್. ಅಷ್ಟನ್ನೂ ಹೇಳಿದ ಮೇಲೇ ಪುಸ್ತಕ ತೆಗೆಯಬೇಕು.

ಇನ್ನು ಪೋಷಕರು ಬರುವ ದಿನ ನಮ್ಮಿಬ್ಬರನ್ನೂ ಪುಸ್ತಕದ ಸ್ಟೋರ್ ರೂಮಿಗೆ ಕಳಿಸಿ ಬಾಗಿಲು ಮುಚ್ಚುತ್ತಿದ್ದರು. ಹೊರಗೆ ಟೈ ಕಟ್ಟಿಕೊಂಡು ಒಬ್ಬ ಬಿಳಿಯ ಆಸಾಮಿ ನಿಂತು ಎಲ್ಲರ ಕೈ ಕುಲುಕುತ್ತಿದ್ದ. ಅವನು ಪಕ್ಕದ ಬೀದಿಯ ಹೋಟೆಲಿನ ಅಡುಗೆಯವನು. ಅವನ ದೇಶದಲ್ಲೂ ಇಂಗ್ಲಿಷ್ ಇಲ್ಲ! ‘ವೆರಿ ಗುಡ್’ ಒಂದು ಬಿಟ್ಟರೆ ಬೇರೆ ಮಾತು ಬಾರದು. ನಾನು ಅವನಿಗೆ ಕೈಕುಲುಕಪ್ಪ ಎಂದು ಹೆಸರಿಟ್ಟೆ. ಕೈಕುಲುಕಪ್ಪ ಹೊರಗೆ ವೆರಿ ಗುಡ್, ಎಂ.ಎ. ಪಾಸಾದ ನಮ್ಮಕ್ಕ ಒಳಗೆ ರಟ್ಟಿನ ಡಬ್ಬದ ಮೇಲೆ. ನನ್ನ ಮೈಯೆಲ್ಲ ಉರಿದುಹೋಗುತ್ತಿತ್ತು.

“ಅಕ್ಕಾ, ನಿಂಗೇನೂ ಅನ್ಸಲ್ವೇನೇ?” ಎಂದು ಒಂದು ಸಲ ಕೇಳಿದೆ.

“ಅನ್ಸುತ್ತೆ. ಇಲ್ಲಿ ಫ್ಯಾನ್ ಹಾಕಿಸಬೇಕು ಅಂತ ಅನ್ಸುತ್ತೆ,” ಎಂದಳು. ತಮಾಷೆಗಲ್ಲ. ನಿಜವಾಗಿಯೂ ಅಷ್ಟೇ ಅನಿಸುತ್ತಿತ್ತು ಅವಳಿಗೆ.

ಮೊದಮೊದಲು ಅವಳೂ ಜಗಳವಾಡಿದ್ದಳಂತೆ, ಅತ್ತಿದ್ದಳಂತೆ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೈದರೂ ಹೂಂ, ಹೊಗಳಿದರೂ ಹೂಂ. ಜ್ವರ ಬಂದರೂ ಆರೂವರೆಗೆ ಎದ್ದು ಕೂತು ಆ ಸಾಲು ಹೇಳುವಳು. ಒಂದು ದಿನ ತರಕಾರಿ ಅಂಗಡಿಯವಳು “ಯಾವ ದೇಶದವರಮ್ಮ?” ಎಂದು ಕೇಳಿದ್ದಕ್ಕೆ ಇವಳು ಗೋಡೆಯವಳ ದೇಶದ ಹೆಸರು ಹೇಳಿಬಿಟ್ಟಳು. ಅಂಗಡಿಯವಳು ಇವಳ ಮುಖವನ್ನೂ ಜಡೆಯನ್ನೂ ನೋಡಿ ನಕ್ಕಳು. ನಾನು ದಾರಿಯುದ್ದಕ್ಕೂ ಬೈದೆ. “ಬಾಯಿಗೆ ಬಂದದ್ದು ಹೇಳ್ದೆ ಕಣೆ, ಬಿಡು,” ಎಂದು ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡಳು.

ಅವಳಲ್ಲಿ ಜೀವ ಆಡುತ್ತಿದ್ದದ್ದು ದಿನಕ್ಕೆ ಹತ್ತು ನಿಮಿಷ. ಏಳು ಹತ್ತರ ಹುಡುಗಿಯ ಹೊತ್ತು. ಮಕ್ಕಳನ್ನು ನಾವು ಸಮಯದಿಂದಲೇ ಕರೆಯುತ್ತಿದ್ದೆವು. ಈ ಹುಡುಗಿ ಎಂಟನೇ ವಯಸ್ಸಿಗೆ ಸೇರಿದಾಗ ವಿಪರೀತ ತೊದಲುತ್ತಿದ್ದಳಂತೆ. ಮಾತು ಸಿಕ್ಕಿಕೊಂಡರೆ ಫೋನ್ ಇಟ್ಟು ಓಡಿಹೋಗುವಳು. ಅಕ್ಕ ಒಂದು ಉಪಾಯ ಕಂಡುಕೊಂಡಿದ್ದಳು. ಹುಡುಗಿಯ ಮಾತು ಸಿಕ್ಕಿಕೊಂಡ ತಕ್ಷಣ ತಾನೇ ಹಣೆ ಚಚ್ಚಿಕೊಂಡು, “ಅಯ್ಯೋ ಕರ್ಮವೇ!” ಎನ್ನುವಳು. ಅದು ಮಾತ್ರ ಅಚ್ಚ ಕನ್ನಡ. ಆಮೇಲೆ ಇಂಗ್ಲಿಷಿನಲ್ಲಿ, “ನಂದೇ ತಪ್ಪು, ಅವಸರ ಮಾಡಿಬಿಟ್ಟೆ. ಇನ್ನೊಂದ್ಸಲ.” ತಪ್ಪು ಮಿಸ್ಸಿನದಾದ ಮೇಲೆ ಮಗುವಿಗೇನು ಭಯ? ಮತ್ತೆ ಓದುವಳು. ಪಟ್ಟೆಂಬ ಆ ಸದ್ದು ಏನೆಂದೂ ಮಿಸ್ಸನ್ನೇ ಕೇಳಿ ತಿಳಿದುಕೊಂಡಿದ್ದಳಂತೆ. ಆರು ವರ್ಷದಲ್ಲಿ ತೊದಲು ಮುಕ್ಕಾಲುಪಾಲು ಹೋಗಿತ್ತು. ನಾನು ಒಲೆಯ ಮುಂದೆ ನಿಂತು ಕುಕ್ಕರಿನ ಸೀಟಿಯ ನಡುವೆ ಆ ಹಣೆ ಚಚ್ಚಿಕೊಳ್ಳುವ ಸದ್ದು ಕೇಳುತ್ತಿದ್ದೆ.

ಹೀಗಿರುವಾಗ ಅಕ್ಕನಿಗೆ ಇನ್ನೊಂದು ದೇಶದ ನರ್ಸಿಂಗ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕ್ಲಾಸಿನಲ್ಲಿ, ಬೋರ್ಡಿನ ಮುಂದೆ, ಮುಖವಿಟ್ಟುಕೊಂಡು ಪಾಠ ಮಾಡುವ ಕೆಲಸ. ಅವರು ಕಂಪ್ಯೂಟರಿನಲ್ಲೇ ಇವಳನ್ನು ನೋಡಿ, ಮಾತಾಡಿಸಿ ಒಪ್ಪಿದ್ದರು. ಕೇಳಿದ್ದು ಒಂದೇ: ಆರು ವರ್ಷ ಪಾಠ ಮಾಡಿದ್ದಕ್ಕೆ ಅನುಭವ ಪತ್ರ. ಆ ಒಂದು ಹಾಳೆ ಇದ್ದರೆ ಉಂಟು, ಇಲ್ಲವಾದರೆ ಇಲ್ಲ. ಎಂಟನೇ ತಾರೀಖು ಇಬ್ಬರೂ ಮ್ಯಾನೇಜರಮ್ಮನ ಮುಂದೆ ನಿಂತೆವು.

“ಪತ್ರ ತಾನೆ? ಕೊಡೋಣ. ಮೂವತ್ತನೇ ತಾರೀಖು ಬನ್ನಿ,” ಎಂದು ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. “ಒಂದು ಮಾತು. ಅಲ್ಲಿವರೆಗೆ ಯಾವ ಮನೆಯಿಂದಲೂ ದೂರು ಬರಬಾರದು. ಫೋನಲ್ಲಿ ಮಾತಾಡೋದು ನೀವು ಅಂತ ಒಂದೇ ಒಂದು ಮಗುಗೆ ಗೊತ್ತಾಯ್ತೋ, ನೀವು ಇಲ್ಲಿ ಪಾಠ ಮಾಡೇ ಇಲ್ಲ. ರಿಜಿಸ್ಟರಲ್ಲಿ ನೀವು ಗುಮಾಸ್ತೆ. ನೆನಪಿರಲಿ.”

“ಹೂಂ,” ಎಂದಳು ಅಕ್ಕ.

“ಹೂಂ ಅಂತೆ ಹೂಂ! ನಾನಾಗಿದ್ರೆ ಆ ಕನ್ನಡಕ ಕಿತ್ತು ಬಿಸಾಕ್ತಿದ್ದೆ,” ಎಂದೆ ಮೆಟ್ಟಿಲಿಳಿಯುವಾಗ.

“ನೀನಾಗಿಲ್ವಲ್ಲ. ನಡಿ.”

ಹದಿನೇಳನೇ ತಾರೀಖು ಮಕ್ಕಳ ಭಾಷಣ ಸ್ಪರ್ಧೆ. ಬಾಡಿಗೆಗೆ ಹಿಡಿದ ದೊಡ್ಡ ಸಭಾಂಗಣ. ಕುರ್ಚಿ ಜೋಡಿಸಿ ನೀರು ಕೊಡುವುದಕ್ಕೆ ಜನ ಸಾಲದೆ ಅವತ್ತು ನಮ್ಮನ್ನೂ ಹೊರಗೆ ಬಿಟ್ಟಿದ್ದರು. ಎದೆಗೆ ‘ಸಹಾಯಕಿ’ ಎಂಬ ಬಿಲ್ಲೆ, ಬಾಯಿ ಬಿಡಬಾರದೆಂಬ ಅಪ್ಪಣೆ. ನಾವಿಬ್ಬರೂ ಹಿಂದಿನ ಮೇಜಿನ ಬಳಿ ಲೋಟ ಜೋಡಿಸುತ್ತಾ ನಿಂತಿದ್ದೆವು. ಏಳು ಹತ್ತರ ಹುಡುಗಿಯ ಹೆಸರು ಕರೆದರು. ಉದ್ದಕ್ಕೆ, ತೆಳ್ಳಗೆ, ಮೊಣಕೈ ಚೂಪಾದ ಹುಡುಗಿ. ಆರು ವರ್ಷದ ಮೇಲೆ ಅಕ್ಕ ಅವಳನ್ನು ಅವತ್ತು ಮೊದಲ ಸಲ ನೋಡಿದಳು. ಲೋಟ ಒರೆಸುವ ಬಟ್ಟೆ ಅವಳ ಕೈಯಲ್ಲಿ ಹಾಗೇ ನಿಂತಿತ್ತು.

ಹುಡುಗಿ ಸೊಗಸಾಗಿ ಮಾತಾಡಿದಳು. ಅರ್ಧಕ್ಕೆ ಬಂದಾಗ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಹುಡುಗಿ ಓಡಿಹೋಗಲಿಲ್ಲ. ಮೈಕಿನ ಮುಂದೆ ಪಟ್ಟನೆ ಹಣೆ ಚಚ್ಚಿಕೊಂಡು, “ಅಯ್ಯೋ ಕರ್ಮವೇ!” ಎಂದಳು. ಆಮೇಲೆ ನಕ್ಕು, ಅದೇ ಮಾತನ್ನು ನೆಟ್ಟಗೆ ಹೇಳಿ ಭಾಷಣ ಮುಗಿಸಿದಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಷ್ಟು ದೂರದ ದೇಶದಲ್ಲಿ, ಆ ಸಭೆಯಲ್ಲಿ, ನಮ್ಮ ದೊಡ್ಡಮ್ಮ ಹಾಲುಕ್ಕಿದಾಗ ಅನ್ನುತ್ತಿದ್ದ ಮಾತು!

ತೀರ್ಪುಗಾರರೊಬ್ಬರು ನಗುತ್ತಾ ಕೇಳಿದರು, “ಏನಮ್ಮಾ ಅದು, ನಡುವೆ ಒಂದು ಹೇಳಿದೆಯಲ್ಲ?”

“ಅದು ನಮ್ಮ ಫೋನ್ ಮಿಸ್ ಹೇಳೋದು ಸರ್. ಅವರ ದೇಶದಲ್ಲಿ ತಪ್ಪಾದ್ರೆ ಹಾಗೇ ಹೇಳೋದು.”

“ಹೌದೌದು,” ಎಂದರು ಮ್ಯಾನೇಜರಮ್ಮ, ಕೂತಲ್ಲಿಂದಲೇ, ಕಣ್ಣು ಮಿಟುಕಿಸದೆ. “ಆ ದೇಶದ ಹಳೇ ಮಾತು ಅದು.” ಪಕ್ಕದಲ್ಲಿದ್ದ ಕೈಕುಲುಕಪ್ಪ “ವೆರಿ ಗುಡ್” ಎಂದ.

ನಾನು ಅಕ್ಕನ ಸೊಂಟ ತಿವಿದೆ. “ಈಗಲಾದ್ರೂ ಬಾಯಿ ಬಿಡೇ, ನನ್ನಮ್ಮಾ. ನಾನೇ ಅನ್ನು.” ಅವಳು ಇನ್ನೊಂದು ಲೋಟ ತೆಗೆದುಕೊಂಡು ಒರೆಸತೊಡಗಿದಳು.

ಕೊನೆಗೆ ಹುಡುಗಿ ಎರಡನೇ ಬಹುಮಾನದ ಕಪ್ ಹಿಡಿದುಕೊಂಡು ನೀರಿಗೆ ನಮ್ಮ ಮೇಜಿಗೇ ಬಂದಳು. ಅಕ್ಕ ಲೋಟ ಕೊಟ್ಟಳು. ಹುಡುಗಿ ಕಪ್ಪನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳಲು ಹೋದಾಗ ಅದು ಜಾರಿತು. “ಅಯ್ಯೋ!” ಎಂದು ಅಕ್ಕ ಬಗ್ಗಿ ಹಿಡಿದಳು. ಒಂದೇ ಒಂದು ಅಯ್ಯೋ. ಹುಡುಗಿ ನೀರು ಕುಡಿಯುವುದನ್ನು ನಿಲ್ಲಿಸಿ ಅಕ್ಕನ ಮುಖ ನೋಡಿದಳು, ಬಿಲ್ಲೆ ನೋಡಿದಳು, ಮತ್ತೆ ಮುಖ ನೋಡಿದಳು. ಅಷ್ಟರಲ್ಲಿ ಅವಳ ತಾಯಿ ಕರೆದರು. ಅಕ್ಕ ಕಪ್ಪನ್ನು ಅವಳ ಕೈಗಿಟ್ಟು ಮುಂದಿನವರಿಗೆ ನೀರು ಬಗ್ಗಿಸಿದಳು.

ಮರುದಿನ ಬೆಳಿಗ್ಗೆ ಏಳು ಹತ್ತು. ಫೋನ್ ಸ್ಪೀಕರಿನಲ್ಲಿತ್ತು, ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲು ಕೈ ಬಿಡುವಿರಲೆಂದು ಅಕ್ಕ ಯಾವಾಗಲೂ ಹಾಗೇ ಇಡುತ್ತಿದ್ದಳು. ಗುಡ್ ಮಾರ್ನಿಂಗ್, ನಾನು ಇಂಥವಳು, ಇಂಥ ದೇಶದವಳು ಎಂದಳು. ಹುಡುಗಿ ಮೆಲ್ಲಗೆ ಕೇಳಿದಳು.

“ಮಿಸ್, ನಿನ್ನೆ ನೀರು ಕೊಟ್ಟೋರು ನೀವೇ ಅಲ್ವಾ?”

ನಾನು ಒಲೆ ಆರಿಸಿದೆ. ಕರೆ ರೆಕಾರ್ಡ್ ಆಗುತ್ತಿದೆ, ಮೂವತ್ತನೇ ತಾರೀಖಿಗೆ ಹನ್ನೆರಡು ದಿನ ಇದೆ. ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

“ಅಲ್ಲ,” ಎಂದಳು. “ನೀನು ಬೇರೆ ಯಾರನ್ನೋ ನೋಡಿರ್ತೀಯ. ನಲವತ್ತೆರಡನೇ ಪುಟ ತೆಗಿ.”

ಹುಡುಗಿ ಪುಟ ತೆಗೆದಳು. ಒಂದು ಕಡೆಯೂ ಸಿಕ್ಕಿಕೊಳ್ಳದೆ, ಒಂದು ಕಡೆಯೂ ನಗದೆ ಓದಿ ಮುಗಿಸಿದಳು. ಉಳಿದ ದಿನಗಳಲ್ಲೂ ಹಾಗೇ. ತಪ್ಪೇ ಇಲ್ಲದ ಮೇಲೆ ಅಕ್ಕ ಹಣೆ ಚಚ್ಚಿಕೊಳ್ಳುವುದಾದರೂ ಯಾಕೆ? ಹತ್ತು ನಿಮಿಷ ಆಗುತ್ತಿದ್ದಂತೆ ಹುಡುಗಿಯೇ ಥ್ಯಾಂಕ್ಯೂ ಎಂದು ಫೋನ್ ಇಟ್ಟುಬಿಡುತ್ತಿದ್ದಳು.

ನನಗೆ ಎಂಥ ಸಿಟ್ಟು ಬಂತೆಂದರೆ ಎರಡು ದಿನ ಅಕ್ಕನ ಜೊತೆ ಮಾತು ಬಿಟ್ಟೆ. ಮೂರನೇ ದಿನ ತಡೆಯಲಾಗದೆ ಕೇಳಿದೆ, “ಬಾಯಿ ಬಂತಲ್ಲೇ ನಿಂಗೆ ಅಲ್ಲ ಅನ್ನೋಕೆ?”

“ಬಂತು,” ಎಂದಳು. “ಏನೂ ಅನ್ನಿಸ್ಲಿಲ್ಲ ಕಣೆ. ಅನ್ನಿಸುತ್ತೆ ಅಂದ್ಕೊಂಡಿದ್ದೆ.” ಹೇಳಿ, ಮಂಚದ ಮೇಲೆ ಬಟ್ಟೆ ಮಡಿಸುತ್ತಾ ಕೂತಳು.

ಮೂವತ್ತನೇ ತಾರೀಖು ಪತ್ರ ಬಂತು. ಮೊಹರು, ಸಹಿ, ಆರು ವರ್ಷ, ‘ಶಿಕ್ಷಕಿ’ ಎಂಬ ಪದ, ಎಲ್ಲ ಸರಿಯಾಗಿತ್ತು. ಮ್ಯಾನೇಜರಮ್ಮ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಅಕ್ಕ ಒಂದು ಸಲ ಓದಿ ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಮರುದಿನ ವಿಮಾನ. ಬಸ್ಸಿನ ಕಿಟಕಿಯಿಂದ ಕೈ ಬೀಸಿ ಹೊರಟುಹೋದಳು.

ಫೋನ್ ಕ್ಲಾಸು ನನ್ನ ತಲೆಗೆ ಬಂತು. ಗೋಡೆಯ ಫೋಟೋ ಅದೇ, ಹೆಸರು ಅದೇ. ಮಿಸ್ ಬದಲಾದರು ಎಂದು ಹೇಳುವಂತಿಲ್ಲ. ಕನ್ನಡಕ ಕಿತ್ತು ಬಿಸಾಕುವ ಶೂರೆ ನಾನು, ಬೆಳಿಗ್ಗೆ ಆರೂವರೆಗೆ ಎದ್ದು ಕೂತು, ನಾನು ಇಂಥವಳು, ಇಂಥ ದೇಶದವಳು ಎಂದೆ. ಹನ್ನೆರಡು ಸಲ ಎಂದೆ. ಎಂಟೂವರೆಯ ಹೊತ್ತಿಗೆ ಅದರಲ್ಲೇನು ಮಹಾ ಎಂದು ಅನ್ನಿಸಿಬಿಟ್ಟಿತ್ತು.

ಮೊದಲ ಮೂರು ದಿನ ಏಳು ಹತ್ತರ ಹುಡುಗಿ ದನಿ ಬದಲಾದದ್ದರ ಬಗ್ಗೆ ಏನೂ ಹೇಳಲಿಲ್ಲ. ನಾಲ್ಕನೇ ದಿನ ಓದುತ್ತಾ ಓದುತ್ತಾ ಒಂದು ಮಾತು ಸಿಕ್ಕಿಕೊಂಡಿತು. ಅಕ್ಕನ ಹಾಗೆ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ, ಕಂಬದ ಹಾಗೆ ಕೂತಿದ್ದೆ. ಆ ಕಡೆಯಿಂದ ಪಟ್ಟನೆ ಹಣೆ ಚಚ್ಚಿಕೊಂಡ ಸದ್ದು. “ಅಯ್ಯೋ ಕರ್ಮವೇ! ನಂದೇ ತಪ್ಪು. ಇನ್ನೊಂದ್ಸಲ,” ಎಂದು ತನಗೆ ತಾನೇ ಹೇಳಿಕೊಂಡು ಹುಡುಗಿ ಮುಂದಕ್ಕೆ ಓದಿದಳು. ದನಿಯ ಎಳೆತ ಸಹ ಅಕ್ಕನದೇ.

ಅವತ್ತೇ ಸಂಜೆ ಅಕ್ಕನ ಫೋನ್ ಬಂತು. ಕಾಲೇಜಿನಲ್ಲಿ ಮೊದಲ ಕ್ಲಾಸು ಆಗಿತ್ತು.

“ಮೂವತ್ತೆಂಟು ಜನ ಕೂತಿದ್ರು,” ಎಂದಳು. “ಎಲ್ಲರ ಮುಖ ಕಾಣ್ತಿತ್ತು. ಬಾಯಿ ತೆಗೆದೆ. ಆ ಸಾಲೇ ಬಂತು ಕಣೆ. ಅವಳ ಹೆಸರು, ಅವಳ ದೇಶ, ಪೂರ್ತಿ.”

“ಅಯ್ಯಯ್ಯೋ! ಆಮೇಲೆ?”

“ನಕ್ರು. ತಮಾಷೆ ಮಾಡ್ತಿದಾರೆ ಅಂದ್ಕೊಂಡ್ರು.”

“ಅಯ್ಯೋ ಕರ್ಮವೇ, ನಂದೇ ತಪ್ಪು ಅಂದು ಮುಂದಕ್ಕೆ ಹೋಗೋದು ತಾನೆ?”

“ಬರ್ಲಿಲ್ಲ. ಹುಡುಕ್ದೆ. ಬಾಯಿಗೆ ಬರ್ಲೇ ಇಲ್ಲ.”

ಎಂದಿನ ಅದೇ ದನಿ, ಪೇಟೆಯಲ್ಲಿ ಸೊಪ್ಪು ಸಿಗಲಿಲ್ಲ ಎಂದು ಹೇಳುವಂತೆ. ನಾನು ಬೆಳಗಿನದನ್ನು ಹೇಳಿದೆ. ಹಣೆ ಚಚ್ಚಿಕೊಂಡ ಸದ್ದು, ನಂದೇ ತಪ್ಪು ಅಂದದ್ದು, ಎಳೆತ, ಒಂದೂ ಬಿಡದೆ ಹೇಳಿದೆ.

“ಅಕ್ಕಾ? ಇದೀಯೇನೇ?”

ಮೂಗೆಳೆದ ಸದ್ದು ಕೇಳಿಸಿತು. ಮೂರು ವರ್ಷದಲ್ಲಿ ಒಂದು ದಿನವೂ ಕೇಳದ ಸದ್ದು.

“ಅವಳಿಗೆ ಅಲ್ಲ ಅಂದ್ಬಿಟ್ಟೆ ಕಣೆ,” ಎಂದಳು.

ನಾನು ಫೋನ್ ಇಡಲಿಲ್ಲ.