ಹಗೇವಿನ ಬಾಯಿ ತೆರೆದ ದಿನ

ಆಗ ನಮ್ಮ ಮುಶಿಗೇರಿಯಲ್ಲಿ ಉಳಿತಾಯವೆಂದರೆ ನೆಲದೊಳಗಿನ ಜೋಳ. ಐವತ್ತರ ದಶಕದ ಮಾತು. ಹಿತ್ತಲಲ್ಲಿ ಆಳೆತ್ತರಕ್ಕಿಂತ ಆಳದ ಗುಂಡಿ, ಹಗೇವು. ಒಳಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹತ್ತಿ ಚೆನ್ನಾಗಿ ಬಂದ ವರ್ಷ ಅಪ್ಪ ಗಜೇಂದ್ರಗಡದ ಪೇಟೆಯಿಂದ ಸೈಕಲ್ಲಿನ ಆಸೆ ಹೊತ್ತು ಬಂದ. ಅಪ್ಪನ ತಾಯಿ, ನಮ್ಮ ಆಯಿ, ಒಪ್ಪಲಿಲ್ಲ.

"ರೊಕ್ಕ ಕಿಸೇದಾಗಿದ್ರ ಚಾದಂಗಡಿ ಕಂಡಲ್ಲೆಲ್ಲ ನಿಲ್ತೀ. ಜ್ವಾಳ ತಗೊಂಡು ಹಗೇವಿಗೆ ಹಾಕು. ತಗೀಬೇಕಂದ್ರ ನಾಕು ಮಂದಿ ಬೇಕು, ಒಂದು ದಿನ ಬೇಕು. ಅಷ್ಟ್ರಾಗ ಬ್ಯಾಡಾದ ಆಸೆ ತಾನ ಸಾಯ್ತದ."

ಅಪ್ಪ ಸೈಕಲ್ ಬಿಟ್ಟು ಹಗೇವು ತುಂಬಿಸಿದ. ಆ ಜೋಳ ನನ್ನ ಮದುವೆಗೆಂದು ಮನೆಯಲ್ಲಿ ಮಾತಾಯಿತು.

ಎರಡು ವರ್ಷಕ್ಕೆ ನಾನು ಮುಲ್ಕಿ, ಅಂದರೆ ಏಳನೆಯ ಇಯತ್ತೆ ಪಾಸಾದೆ. ಮುಂದಿನ ಸಾಲೆ ರೋಣದಲ್ಲಿ. ಅಲ್ಲಿ ಸೋದರತ್ತೆಯ ಮನೆಯಿತ್ತು. ಆದರೆ ಫೀ? ಊಟ? ಹಗೇವು ತೆಗೆಯದೆ ದಾರಿಯಿರಲಿಲ್ಲ. ಒಮ್ಮೆ ತೆರೆದರೆ ಗಾಳಿ ತಾಗಿದ ಜೋಳ ಉಳಿಯದು, ಪೂರ್ತಿ ತೆಗೆಯಲೇಬೇಕು.

"ನಾಳೆ ಗಂಡು ಬಂದ್ರ ಏನ್ ಮಾಡೂದಬೇ ಯವ್ವಾ?" ಅಪ್ಪ ಕೇಳಿದ.

"ಮದುವಿ ನಿಂತೀತು, ಸಾಲಿ ನಿಲ್ಲಾಂಗಿಲ್ಲ. ಮಳಿ ಬರೂದ್ರಾಗ ತಗಿ," ಎಂದಳು ಆಯಿ.

ಕೈಹಚ್ಚಲು ಬಂದ ನೆರೆಮನೆಯ ಬಸಪ್ಪ ಕಾಕಾ ನಕ್ಕ. "ಹೆಣ್ಣುಡುಗಿ ಸಾಲಿಗೆ ಹಗೇವು ತಗದದ್ದು ನಾ ಕಂಡಿಲ್ರಿ ಆಯಿ. ಮಾಮಲೇದಾರ ಆಗ್ತಾಳೇನು?"

"ಆದ್ರ ನಿನ್ನ ಬದುವಿನ ತಕರಾರು ಮೊದಲ ಬಗೀಹರಸ್ತಾಳ. ಹಗ್ಗ ಹಿಡಿ."

ಬಾಯಿಯ ಕಲ್ಲು ಸರಿಸಿ, ಗಾಳಿ ನೋಡಲು ಇಳಿಬಿಟ್ಟ ಕಂದೀಲು ಒಳಗೆ ಆರಿಹೋಯಿತು. ಕೆಟ್ಟ ಗಾಳಿ ಹೋಗುವವರೆಗೆ ಬೇವಿನ ನೆರಳಲ್ಲಿ ಕೂತೆವು. ಅಪ್ಪ ಎಲೆಯಡಿಕೆ ಅಗಿಯುತ್ತ ಹಗೇವಿನ ಬಾಯಿಯನ್ನೇ ನೋಡುತ್ತಿದ್ದ. ನನಗೆ ಒಂದೇ ಹೆದರಿಕೆ: ಕಾದರೆ ಆಸೆ ಸಾಯುತ್ತದೆಂದು ಆಯಿಯೇ ಹೇಳಿದ್ದಳಲ್ಲ, ಅಪ್ಪನ ಮನಸ್ಸು ತಿರುಗಿದರೆ?

ಮಧ್ಯಾಹ್ನ ಮತ್ತೆ ಬಿಟ್ಟ ಕಂದೀಲು ಆರಲಿಲ್ಲ. ಅಪ್ಪ ಎದ್ದು ಧೋತರ ಮೇಲೆ ಕಟ್ಟಿ ತಾನೇ ಇಳಿದ.

ಅರ್ಧ ಮಾರಿ ಫೀ ಕಟ್ಟಿದರು, ಉಳಿದದ್ದು ಅತ್ತೆಯ ಮನೆ ಸೇರಿತು. ನನ್ನ ಬುತ್ತಿಯ ರೊಟ್ಟಿಗೆ ಹಗೇವಿನ ಹುಳಿವಾಸನೆ. ಗೆಳತಿಯರು ಮೂಗು ಮುಚ್ಚಿದರು. ನಾನು ಉಂಡೆ, ಓದಿದೆ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ.

ಈಗ ಆ ಜಾಗದಲ್ಲಿ ಬಚ್ಚಲು ಕಟ್ಟಿದ್ದಾರೆ. ನನ್ನ ಉಳಿತಾಯ ಬ್ಯಾಂಕಿನಲ್ಲಿದೆ; ದವಾಖಾನೆಗಿಷ್ಟು, ಮೊಮ್ಮಗಳಿಗಿಷ್ಟು, ಕೊನೆಗಾಲಕ್ಕಿಷ್ಟು ಎಂದು ಪಾಲು ಮಾಡಿಟ್ಟಿದ್ದೇನೆ. ಆಯಿಗೆ ಇದ್ದದ್ದು ಒಂದೇ ಗುಂಡಿ. ಅದನ್ನು ತಳದವರೆಗೆ ಬಳಿದು ನನ್ನನ್ನು ಗಾಡಿ ಹತ್ತಿಸಿದಳು. ಇಷ್ಟು ಓದಿದರೂ ಅಷ್ಟು ಧೈರ್ಯ ನನಗೆ ಬರಲಿಲ್ಲ.