ಇಸಬಿನ ಟೆಸ್ಟೂ ನಮ್ಮ ಅಕ್ಕನ ಕೈಯೂ

ನನ್ನ ರಕ್ತ ಕೆಟ್ಟಿದೆಯಂತೆ!

ಬೈಲಹೊಂಗಲದ ದವಾಖಾನೆಯಲ್ಲಿ ಆ ಕಾಗದ ನೋಡಿ ಹೌಹಾರಿದೆ. ಮೈಮೇಲೆ ಒಂದು ಗುಳ್ಳೆಯಿಲ್ಲದ ನನ್ನ ಹೆಸರಿನ ಮುಂದೆ ‘ಹೆಚ್ಚು’. ಎರಡು ವರ್ಷದಿಂದ ಎರಡೂ ಕೈಗೆ ಇಸಬು ಹತ್ತಿ ನರಳುತ್ತಿದ್ದ ನನ್ನ ಅಕ್ಕ ನೀಲವ್ವನ ಹೆಸರಿನ ಮುಂದೆ ‘ಸಾಧಾರಣ’. ಚೀಟಿ ಅದಲುಬದಲಾಗಿರಬೇಕು ಅಲ್ಲವೇ? ನಾನೂ ಹಾಗೇ ಅಂದುಕೊಂಡೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅಕ್ಕನನ್ನು ಕೊಟ್ಟಿದ್ದು ರಾಮದುರ್ಗದ ನೇಕಾರರ ಮನೆಗೆ. ಅಂಗೈ ಒಡೆದು, ನೀರು ಸೋರಿ, ಬೆರಳು ಮಡಚಲು ಬಾರದಂತಾದಾಗ ಆಕೆಯ ಅತ್ತೆ ಒಂದೇ ಮಾತು ಹೇಳಿದರು: “ನಿನ್ನ ರಕ್ತ ಕೆಟ್ಟೈತಿ. ಒಲಿ ಕಡೆ ಬರಬ್ಯಾಡ.”

ಓಣಿಯೂ ಅದನ್ನೇ ಹೇಳಿತು. ಅಕ್ಕ ಬೇವಿನ ಕಷಾಯ ಕುಡಿದಳು, ಬದನೆಕಾಯಿ ಬಿಟ್ಟಳು. ಕೈ ವಾಸಿಯಾಗಲಿಲ್ಲ. ತನ್ನ ಮನೆಯಲ್ಲೇ ದೂರ ಕುಳಿತು ಉಣ್ಣುವವಳಾದಳು. (ನಾನು ಹೈಸ್ಕೂಲ್ ಟೀಚರು. ಆ ಅತ್ತೆಯ ಎದುರು ನನ್ನ ಬಿ.ಎ. ಕೂಡ ಬಾಯಿ ಮುಚ್ಚಿಕೊಂಡಿತ್ತು.)

ಅಷ್ಟರಲ್ಲಿ ಚರ್ಮರೋಗದ ವೈದ್ಯೆಯೊಬ್ಬರು, ನಮ್ಮ ಕಡೆಯ ಮಾತಿನಲ್ಲಿ ‘ಡಾಕ್ಟರ್ ಬಾಯಿ’, ನಮ್ಮೂರು ಬೈಲಹೊಂಗಲಕ್ಕೆ ಬಂದರು. ಇಸಬು ಇದ್ದವರ ರಕ್ತದಲ್ಲಿ ಒಂದು ಅಂಶ ಹೆಚ್ಚಿರುತ್ತದಂತೆ. ಅದನ್ನು ಅಳೆಯುವ ಹೊಸ ಟೆಸ್ಟ್ ಎಷ್ಟು ನಂಬಿಕೆಗೆ ಅರ್ಹ ಎಂದು ನೋಡಬೇಕಿತ್ತು ಅವರಿಗೆ. ಅಕ್ಕನನ್ನು ಬಸ್ಸಿನಲ್ಲಿ ಕರೆಸಿಕೊಂಡೆ. ಆಕೆಯ ರಕ್ತ ತೆಗೆದವರು ನನ್ನ ಕಡೆ ತಿರುಗಿದರು.

“ನಂದ್ಯಾಕ್ರೀ? ನನಗೇನೂ ಇಲ್ಲ!”

“ಅದಕ್ಕ ಬೇಕ್ರೀ ಟೀಚರ್. ಇದ್ದವರದಷ್ಟ ನೋಡಿದ್ರ ಹೆಂಗ? ಎಲ್ಲಾರನ್ನೂ ಪಾಸ್ ಮಾಡೂದು ಒಂದು ಪರೀಕ್ಷೆನ?”

ಮಾತು ನನ್ನ ಕಸುಬಿಗೇ ತಾಗಿತು. ತೋಳು ಚಾಚಿದೆ. ಬಾಟಲಿಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಯಾರಿಗೆ ಇಸಬು ಇದೆ ಎಂದು ರಕ್ತ ಪರೀಕ್ಷಿಸುವ ಮುಂಬಯಿ ಲ್ಯಾಬಿನವರಿಗೆ ಗೊತ್ತಾಗಬಾರದಂತೆ. ಗೊತ್ತಾದರೆ, ಅಂದುಕೊಂಡದ್ದೇ ಕಣ್ಣಿಗೆ ಕಾಣುತ್ತದಂತೆ.

ಬಂದ ಉತ್ತರವೇ ಆ ‘ಹೆಚ್ಚು’ ಮತ್ತು ‘ಸಾಧಾರಣ’.

ಡಾಕ್ಟರ್ ಬಾಯಿ ನಂಬರುಗಳನ್ನು ಎರಡು ಸಲ ತಾಳೆ ನೋಡಿದರು. ಸರಿಯಾಗಿಯೇ ಇದ್ದವು. “ಸೀನು ಭಾಳ ಬರತಾವೇನ್ರೀ?” ಎಂದು ನನ್ನನ್ನು ಕೇಳಿದರು. ಬರುತ್ತವೆಯೇ? ಹೊಸ ಪುಸ್ತಕ ಬಿಚ್ಚಿದರೂ ಸಾಕು, ಹಳೆ ಚಾಪೆ ಝಾಡಿಸಿದರೂ ಸಾಕು, ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಪಾಠಕ್ಕಿಂತ ನನ್ನ ಸೀನೇ ಜಾಸ್ತಿ.

“ಹಂಗ ಧೂಳಿನ ಅಲರ್ಜಿ ಇದ್ದವರಲ್ಲೂ ಈ ಅಂಶ ಏರತೈತಿ. ಅಂದ್ರ ಈ ಟೆಸ್ಟ್ ಬರೇ ಇಸಬನ್ನಷ್ಟ ಹಿಡಿಯಂಗಿಲ್ಲ, ಇಸಬು ಇದ್ದವರನ್ನೂ ಬಿಡತೈತಿ” ಎಂದು ಬರೆದುಕೊಂಡರು. ಆಮೇಲೆ ಅಕ್ಕನ ಕೈ ಹಿಡಿದು ಕಿಟಕಿಯ ಬೆಳಕಿಗೆ ತಂದರು. ಉಗುರಿನ ಸಂದಿಯಲ್ಲಿ ನೀಲಿ.

“ಏನು ಕೆಲಸ ಮಾಡ್ತೀರವಾ?”

“ನೂಲಿಗೆ ಬಣ್ಣ ಹಾಕತೇನ್ರೀ.”

“ಎಷ್ಟು ವರ್ಷಾತು?”

ಅಕ್ಕ ಬೆರಳು ಮುಟ್ಟಿ ಎಣಿಸಿದಳು. ಎರಡಕ್ಕೆ ನಿಂತು ತನ್ನ ಅಂಗೈ ನೋಡಿಕೊಂಡಳು. ಬಣ್ಣದ ಹಂಡೆ ಮನೆಗೆ ಬಂದದ್ದೂ ಕೈ ಒಡೆದದ್ದೂ ಒಂದೇ ವರ್ಷ! ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

“ನಿಮ್ಮ ರಕ್ತ ಕೆಟ್ಟಿಲ್ಲ. ಆ ಬಣ್ಣ ನಿಮ್ಮ ಚರ್ಮಕ್ಕ ಒಗ್ಗಂಗಿಲ್ಲ ಅನಸತೈತಿ. ಮಗ್ಗದ ಮ್ಯಾಲೆ ಕುಂದರ್ರಿ, ಹಂಡೆ ಮುಟ್ಟಬ್ಯಾಡ್ರಿ. ನೋಡೋಣ.”

ಅಕ್ಕ ಅತ್ತಳು. ‘ಸಾಧಾರಣ’ ಎಂದಿದ್ದ ಆ ಕಾಗದ ಕೇಳಿ ಪಡೆದು, ಸೆರಗಿನಲ್ಲಿ ಕಟ್ಟಿಕೊಂಡು ಊರಿಗೆ ಹೋದಳು. ಭಾವ ಬಣ್ಣದ ಕೆಲಸ ತಾವೇ ವಹಿಸಿಕೊಂಡರು.

ಕಳೆದ ಭಾನುವಾರ ರಾಮದುರ್ಗಕ್ಕೆ ಹೋಗಿದ್ದೆ. ಅಕ್ಕನ ಅಂಗೈ ಪೂರ್ತಿ ಮೆತ್ತಗಾಗಿಲ್ಲ, ಆದರೆ ಬಿರುಕುಗಳು ಮುಚ್ಚಿವೆ. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದ ಅತ್ತೆ, ನನ್ನ ಮುಖ ನೋಡದೆ ಒಳಗೆ ಕೂಗಿದರು: “ನೀಲವ್ವಾ, ಮೊಳಕಾಲು ಭಾಳ ನೋಯಾಕ ಹತ್ಯಾವ. ನಿನ್ನ ಕೈಲೆ ಒಂದೀಟು ಎಣ್ಣಿ ತಿಕ್ಕು ಬಾ.”

ಅಕ್ಕ ನಗುತ್ತ ಬಂದು ಕುಳಿತಳು.

ನಮ್ಮ ಕಡೆಯ ಅತ್ತೆಯರು ‘ತಪ್ಪಾಯಿತು’ ಅನ್ನುವುದು ಹೀಗಲ್ಲದೆ ಇನ್ನು ಹೇಗೆ?